ಪುಷ್ ಮಾಡಮ್ಮ

"ಪುಷ್ ಮಾಡಮ್ಮ, ಇನ್ನೊಂದ್ಸಲ ಪುಷ್!"

ಹೆರಿಗೆ ಕೋಣೆಯೊಳಗೆ ನರ್ಸ್ ಕೂಗಿದಾಗ, ಹೊರಗೆ ನಿಂತಿದ್ದ ಆಟೋ ಡ್ರೈವರ್ ನಸರುಲ್ಲಾ ಬೆಚ್ಚಿದ. ಆಲ್ಕೊಳ ಸರ್ಕಲ್ಲಿನಲ್ಲಿ ಗಾಡಿ ಕೆಟ್ಟು ನಿಂತಾಗಲೆಲ್ಲ ಪ್ಯಾಸೆಂಜರಿಗೆ ಅವನೇ ಹೇಳುವ ಮಾತದು. ಬ್ಯಾಂಕಿನ ಗಾಜಿನ ಬಾಗಿಲ ಮೇಲೂ ಅದೇ ಬರೆದಿರುತ್ತದೆ. ಈಗ ಅದನ್ನು ಮಾಡಬೇಕಾದವಳು ಅವನ ಮಗಳು ಅತೀಕಾ, ಒಬ್ಬಳೇ.

ಒಳಗೆ ಅವಳು ಚೀರಿದಳು. ತನಗೇ ಅರಿವಿಲ್ಲದೆ ಅವನು ಎರಡೂ ಅಂಗೈಗಳನ್ನು ಗೋಡೆಗೆ ಒತ್ತಿ, ಕಾಲೂರಿ, ಹಲ್ಲು ಕಚ್ಚಿಕೊಂಡು, ನಿಂತ ಗಾಡಿಯನ್ನು ನೂಕುವಂತೆ ನೂಕತೊಡಗಿದ.

ಮಗುವಿನ ಅಳು ಕೇಳಿತು. ಆದರೂ ಅವನು ನೂಕುತ್ತಲೇ ಇದ್ದ.

"ಆಯ್ತಲ್ರೀ, ಇನ್ನಾದ್ರೂ ಗೋಡೆ ಬಿಡ್ರಿ," ಎಂದಳು ಪಕ್ಕದಲ್ಲಿದ್ದ ಹೆಂಡತಿ ವಜೀರಾ, ಏದುಸಿರು ಬಿಡುತ್ತಾ.

ತಿರುಗಿ ನೋಡಿದರೆ, ಹಾಗೆಂದವಳ ಎರಡು ಕೈಗಳೂ ಗೋಡೆಯ ಮೇಲೇ ಇದ್ದವು.