ಕೆಂಪು ಬಾರದ ಊರು

ಬರಪರಿಹಾರದ ಕೆಲಸಕ್ಕೆ ಬಂದಿದ್ದ ಲೆಪರೊಯ್ ಮಗುವಿನ ತೋಳಿಗೆ ಅಳತೆಪಟ್ಟಿ ಸುತ್ತಿ ಎಳೆದ. ತುಂಬಿದ ತೋಳಿಗೆ ಹಸಿರು, ಸಾವಿನ ಬಾಗಿಲಲ್ಲಿರುವ ತೋಳಿಗೆ ಕೆಂಪು. ಪಟ್ಟಿಯ ಕಿಂಡಿಯಲ್ಲಿ ಹಳದಿ ಕಾಣಿಸಿತು. ತಾಯಿ ನಾಸಿಕು ಅವನ ಮುಖವನ್ನೇ ನೋಡುತ್ತಿದ್ದಳು.

"ಹೆದರ್ಬೇಡ ಅಕ್ಕ, ಕೆಂಪಲ್ಲ" ಎಂದ. "ನಿಮ್ಮೂರಲ್ಲಿ ಒಂದು ಮಗೂಗೂ ಕೆಂಪು ಬರ್ಲಿಲ್ಲ. ಒಣಹೊಳೆಯಾಚೆ ಊರಲ್ಲಿ ಎಲ್ಲಿ ನೋಡಿದ್ರೂ ಕೆಂಪೇ. ಅವರಿಗಿಂತ ನೀವು ಎಷ್ಟೋ ಚೆನ್ನಾಗಿದ್ದೀರಿ."

"ಹಾಗಾದ್ರೆ ಜೋಳದ ಹಿಟ್ಟು?"

"ಇರೋದು ಒಂದೇ ಲಾರಿ. ಹೆಚ್ಚು ಕಷ್ಟದಲ್ಲಿರೋ ಊರಿಗೆ ಅಂತ ಅಪ್ಪಣೆ ಆಗಿದೆ."

ಯಾರ ಕಷ್ಟ ಹೆಚ್ಚೆಂದು ತೂಗಲು ಪೇಟೆಯ ದೊಡ್ಡವರು ಕಂಡುಕೊಂಡ ತಕ್ಕಡಿ ಈ ಪಟ್ಟಿ. ಬದುಕಿರುವ ತೋಳನ್ನು ಮಾತ್ರ ಅದು ಅಳೆಯುತ್ತದೆ. ಈ ಊರಿನಲ್ಲಿ ಮೊದಲು ಹಸುಗಳು ಸತ್ತವು, ಆಮೇಲೆ ಆಡುಗಳು, ಆಮೇಲೆ ಕೆಂಪು ಬರಬೇಕಿದ್ದ ಮಕ್ಕಳು. ಆಚೆ ಊರಿನ ಆಡುಗಳು ಸಾಯುವುದು ತಡವಾಯಿತು, ಹಾಗಾಗಿ ಅಲ್ಲಿ ಕೆಂಪಿನ ಮಕ್ಕಳು ಇನ್ನೂ ಬದುಕಿದ್ದಾರೆ, ಅಷ್ಟೇ. ಆದರೆ ಅದನ್ನು ಬಾಯಿಬಿಟ್ಟು ಹೇಳುವವರಾರು? ದನ ಮೇಯಿಸಿ ಬದುಕುವ ಈ ಸಂಬುರು ಜನ ತೀರಿಹೋದವರ ಸುದ್ದಿ ಎತ್ತುವುದಿಲ್ಲ. ಎತ್ತಿದರೆ ಉಳಿದವರಿಗೂ ಸಾವಿನ ಕರೆ ಬರುತ್ತದೆ ಎಂಬ ನಂಬಿಕೆ. ಮಕ್ಕಳೆಲ್ಲಿ ಎಂದರೆ ಎದುರಿಗಿರುವವರನ್ನಷ್ಟೇ ತೋರಿಸುತ್ತಾರೆ. ಲೆಪರೊಯ್ ಕೂಡ ಸಂಬುರುವೇ. ಅವನೂ ಕೇಳಲಿಲ್ಲ.

ನಾಸಿಕು ಅವನ ಕೈಯಿಂದ ಪಟ್ಟಿ ತೆಗೆದುಕೊಂಡಳು. ಮಗುವಿನ ಪಕ್ಕದ ಖಾಲಿ ಜಾಗದಲ್ಲಿ, ಅಲ್ಲಿ ಇನ್ನೊಂದು ಕೂಸು ಕೂತಿದೆ ಎಂಬಂತೆ, ಅದನ್ನು ಸುತ್ತಿ ಎಳೆಯತೊಡಗಿದಳು. ಹಳದಿ ಹೋಗಿ ಕೆಂಪು ಬಂತು. ಉಂಗುರದಷ್ಟು ಕಿರಿದಾದರೂ ಎಳೆಯುವುದನ್ನು ಬಿಡಲಿಲ್ಲ.

"ಸಾಕು ಅಕ್ಕ, ನಂಗೆ ಗೊತ್ತಾಯ್ತು" ಎಂದ ಲೆಪರೊಯ್. "ಇಲ್ಲದ ತೋಳು ಅಳೆದೆ ಅಂತ ಅವರಿಗೆ ಹೇಗೆ ಹೇಳ್ಲಿ? ಹೇಳಿದ್ರೂ, ಆಚೆ ಊರಿನ ಮಕ್ಕಳನ್ನ ಬಿಟ್ಬಿಡು ಅನ್ನೋಕಾಗತ್ತಾ ನಿಂಗೆ?"

ಹಾಳಾದ್ದು, ಆ ಮಕ್ಕಳೂ ಮಕ್ಕಳೇ ಅನ್ನಿಸಿತು ನಾಸಿಕುವಿಗೆ. ಪಟ್ಟಿಯನ್ನು ಅವನ ಅಂಗೈಗೆ ಹಾಕಿ, ಮಗುವನ್ನೆತ್ತಿ ಸೊಂಟಕ್ಕೇರಿಸಿಕೊಂಡಳು.

"ಮಳೆಗೆ ಮುಂಚೆ ಇನ್ನೊಂದ್ಸಲ ಬರ್ತೀನಿ. ಮತ್ತೆ ಅಳೆಯೋಣ" ಎಂದ ಲೆಪರೊಯ್, ತಲೆಯೆತ್ತದೆ.

"ಬಾ ತಮ್ಮ" ಎಂದಳು ನಾಸಿಕು. "ಅಷ್ಟೊತ್ತಿಗೆ ನಮ್ಮೂರು ಇನ್ನೂ ಚೆನ್ನಾಗಿರತ್ತೆ."