ಪಾರ್ವತಿಬಾಯಿಯ ರೊಟ್ಟಿ

“ಮನ್ಯಾಗ ರೊಟ್ಟಿ ಯಾರು ಬಡೀತಾರ?” ರೂಪಾಲಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಸಾಹೇಬರ ಗತ್ತಿನಲ್ಲಿ ಕೇಳಿದಳು.

“ನಾನ. ಮತ್ತ್ಯಾರು?” ಎಂದಳು ಪಾರ್ವತಿಬಾಯಿ.

ರೂಪಾಲಿ ಕೈಯಲ್ಲಿದ್ದ ಪೆನ್ನನ್ನು ಚಾಪೆಯ ಮೇಲೆ ಎಸೆದಳು. “ಅತ್ತಿ, ಇದು ನಾಕನೇ ಸಲ! ಹನ್ನೊಂದಕ್ಕ ಕಚೇರ್ಯಾಗ ಮುಲಾಖತ ಐತಿ. ಅಲ್ಲೂ ಹಿಂಗ ಅಂದ್ರ ಈ ಅರ್ಜೀನೂ ಹೋತು ಅಂತ ತಿಳಿ.”

ಮೂರು ವರ್ಷದ ಹಿಂದೆ ಲಕ್ವಾ ಹೊಡೆದು ಪಾರ್ವತಿಬಾಯಿಯ ಬಲಗೈ ಸ್ವಾಧೀನ ತಪ್ಪಿತ್ತು. ವಾರಕ್ಕೆರಡು ಸಲ ಸೊಲ್ಲಾಪುರಕ್ಕೆ ಹೋಗಿ ಕೈಗೆ ಕಸರತ್ತು ಮಾಡಿಸಿಕೊಂಡರೆ ಬೆರಳು ಇನ್ನೂ ಮಡಚೀತು ಎಂದು ಡಾಕ್ಟರು ಹೇಳಿದ್ದರು. ಅಂಗವಿಕಲರಿಗೆ ಸರಕಾರ ಕೊಡುವ ಅಪಂಗ ಪಿಂಚಣಿ ಬಂದರೆ ಮಾತ್ರ ಅದು ಆಗುವ ಮಾತು. ಹೋದ ವರ್ಷ ವಿಚಾರಣೆಗೆಂದು ಊರಿನ ಲೆಕ್ಕಿಗ ತಲಾಠಿ ಮನೆಗೇ ಬಂದಾಗ ಈ ಮಹಾತಾಯಿ, “ಎಲ್ಲಾ ಕೆಲಸ ನಾನ ಮಾಡ್ತೀನ್ರಿ, ಅಕ್ಕಲಕೋಟ ಸ್ವಾಮಿ ನಡಸ್ಯಾನ” ಎಂದು ನಕ್ಕು, ಚಹಾ ಕುಡಿಸಿ ಕಳಿಸಿದ್ದಳು. ಅರ್ಜಿ ಬಂದ ದಾರಿ ಹಿಡಿದು ವಾಪಸಾಯಿತು. ಈ ಸಲ ಕಚೇರಿಯಲ್ಲೇ ಕೂಡಿಸಿ ಕೇಳುತ್ತಾರೆ. ಅದಕ್ಕೇ ತಮ್ಮನ ಮಗಳು ರೂಪಾಲಿ, ಸೊಲ್ಲಾಪುರದಲ್ಲಿ ವಕೀಲರೊಬ್ಬರ ಕೈಕೆಳಗೆ ಬರೆಯುವ ಕೆಲಸದವಳು, ಒಂದು ದಿನ ರಜೆ ಹಾಕಿ ಮೊದಲ ಎಸ್‌ಟಿ ಬಸ್ಸಿಗೇ ಅಕ್ಕಲಕೋಟಕ್ಕೆ ಬಂದಿಳಿದಿದ್ದಳು.

“ಆಗೂದಿಲ್ಲ ಅಂದ್ರ ನಡಸೋ ಸ್ವಾಮಿಗೆ ಬ್ಯಾಸರ ಆಗೂದಿಲ್ಲೇನ?” ಎಂದಳು ಪಾರ್ವತಿಬಾಯಿ.

“ಸ್ವಾಮಿಗೆ ಎಲ್ಲಾ ಗೊತ್ತೈತಿ ಅತ್ತಿ. ಗೊತ್ತಿಲ್ಲದ್ದು ಸಾಹೇಬರಿಗೆ. ಖರೇ ಹೇಳಾಕ ನಿನಗೇನಾಗೇತಿ?”

ಪಾರ್ವತಿಬಾಯಿ ಅಡಿಗೆಮನೆಯ ಮುಚ್ಚಿದ ಕದದ ಕಡೆ ನೋಡಿದಳು. ಒಳಗಿನಿಂದ ಪಟಪಟ ಸದ್ದು ಬರುತ್ತಿತ್ತು. ಗಂಡ ಸಾತಲಿಂಗಪ್ಪ ರೊಟ್ಟಿ ಬಡಿಯುತ್ತಿದ್ದ. ಮೂವತ್ತು ವರ್ಷ ಸೊಲ್ಲಾಪುರದ ಚಾದರದ ಅಂಗಡಿಯಲ್ಲಿ ಇಸ್ತ್ರಿ ಮುರಿಯದ ಧೋತರ ಉಟ್ಟು ಕೂತ ಮನುಷ್ಯ, ಈಗ ದಿನಾ ಬೆಳಿಗ್ಗೆ ಹಿಟ್ಟಿನ ಪರಾತದ ಮುಂದೆ ಕೂರುತ್ತಾನೆಂಬುದು ಓಣಿಗೆ ಗೊತ್ತಿರಲಿಲ್ಲ. ಯಾರಾದರೂ ಹೊಸ್ತಿಲು ತುಳಿದರೆ ಪಾರ್ವತಿಬಾಯಿ ಕೆಮ್ಮುವಳು. ಒಳಗೆ ಸದ್ದು ನಿಲ್ಲುವುದು.

“ಮಂದಿ ಏನಂದಾರು?” ಅವಳು ದನಿ ತಗ್ಗಿಸಿದಳು. “ಸಾತಲಿಂಗಪ್ಪ ಹೇಂತಿಗೆ ರೊಟ್ಟಿ ಬಡದು ಹಾಕ್ತಾನ ಅಂತ ಕಟ್ಟಿ ಮ್ಯಾಲೆ ಕುಂತು ನಗಬೇಕೇನು? ನನ್ನ ಕೈ ಹೋದ್ರ ಹೋಗ್ಲಿ. ಅವರ ಮಾನ ಹೋಗಬಾರದು.”

ಸದ್ದು ನಿಂತಿತು. ಕದ ತೆರೆಯಿತು. ಬಾಗಿಲಲ್ಲಿ ಸಾತಲಿಂಗಪ್ಪ. ಮೊಣಕೈತನಕ ಹಿಟ್ಟು, ಹಣೆಯ ಮೇಲೆ ವಿಭೂತಿ ಎಷ್ಟು, ಹಿಟ್ಟು ಎಷ್ಟು, ಹೇಳುವುದು ಕಷ್ಟ.

“ಮಾನ ಅಂತ, ಮಾನ!” ಅವನ ದನಿ ಏರಿತು. “ಮೂರು ವರ್ಷ ಆತು ನಾ ರೊಟ್ಟಿ ಬಡ್ಯಾಕತ್ತು. ಹನ್ನೂರಿಂದ ನಿಮ್ಮಕ್ಕ ಬಂದು ಆರು ರೊಟ್ಟಿ ತಿಂದ್ಲು. ತಿಂದು ಏನಂದ್ಲು? ‘ನಮ್ಮ ಪಾರ್ವತಿ ಕೈ ಅಂದ್ರ ಕೈ’ ಅಂದ್ಲು. ಬಾಜೂ ಮನಿ ಅಂಬಾಬಾಯಿ, ‘ಒಂದ ಎಡಗೈಲೇ ಇಷ್ಟು ತೆಳ್ಳಗ ಹ್ಯಾಂಗ ಬಡೀತೀರಿ, ಬಾಯಾರ?’ ಅಂತ ಕೇಳಿದ್ಲು. ನೀ ಸುಮ್ಮನ ತಲಿ ತಗ್ಗಿಸಿ ನಗಾಕತ್ತಿದ್ದಿ! ನಾ ಒಳಗ ಹೊಗಿ ಕುಡಕೋತ ಕುಂತಿದ್ದೆ. ಒಬ್ಬರರ ಒಂದು ದಿನ ನನಗ ಶಹಬ್ಬಾಸ್ ಅಂದಾರೇನು?”

ರೂಪಾಲಿ ನಕ್ಕು ನಕ್ಕು ಚಾಪೆಯ ಮೇಲೆ ಉರುಳಿದಳು. “ಮಾಮಾ, ನಿಮ್ಮ ಸಿಟ್ಟು ಇದಕ್ಕೇನು?”

“ಮತ್ತ!” ಎಂದು ಸಾತಲಿಂಗಪ್ಪ ಒಳಗೆ ಓಡಿದ. ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು.

ಪಾರ್ವತಿಬಾಯಿ ಕೂತಲ್ಲೇ ಕೂತಳು. ನಲವತ್ತು ವರ್ಷ ಒಂದೇ ದೇವರ ಮುಂದೆ ಪಕ್ಕದಲ್ಲಿ ನಿಂತು ಕೈಮುಗಿದ ಮನುಷ್ಯ. ಅವನ ಎದೆಯೊಳಗೆ ಇಂಥದೊಂದು ಸಣ್ಣ ಆಸೆ ಇತ್ತೆಂದು ಆ ದೇವರೂ ಅವಳಿಗೆ ಹೇಳಿರಲಿಲ್ಲ.

ಕಚೇರಿಯಲ್ಲಿ ಅವರ ಸರದಿ ಬಂದಾಗ ಹನ್ನೆರಡು ದಾಟಿತ್ತು. ಮೇಜಿನ ಆಚೆ ಕೂತ ಮ್ಯಾಡಮ್ ಮರಾಠಿಯಲ್ಲಿ ಶುರು ಮಾಡಿದವರು ಇವರ ಮಾತಿನ ಧಾಟಿ ಕೇಳಿ, ತಾವು ಕನ್ನಡದ ಊರು ವಾಗದರಿಯ ಸೊಸೆಯೆಂದು ನಕ್ಕು, ಕನ್ನಡಕ್ಕೆ ಬಂದರು. ಸೊಲ್ಲಾಪುರದ ದವಾಖಾನೆಯ ಕಾಗದ ನೋಡಿದರು. ಹಳೆಯ ವರದಿ ನೋಡಿದರು. ಆಮೇಲೆ ಪೆನ್ನು ಹಿಡಿದು, “ಮನ್ಯಾಗ ಅಡಿಗಿ-ಗಿಡಿಗಿ ಯಾರು ಮಾಡ್ತಾರ್ರಿ?” ಎಂದು ಕೇಳಿದರು.

ಬೆನ್ನ ಹಿಂದೆ ಇಪ್ಪತ್ತು ಜನರ ಸಾಲು. ಅದರಲ್ಲಿ ಓಣಿಯವರೇ ನಾಲ್ವರು. ‘ನಾನ’ ಎಂಬ ಮಾತು ಪಾರ್ವತಿಬಾಯಿಯ ತುಟಿಯವರೆಗೆ ಬಂದಿತ್ತು. ಪಕ್ಕಕ್ಕೆ ನೋಡಿದಳು. ಸಾತಲಿಂಗಪ್ಪ ಟೋಪಿ ಸರಿಮಾಡಿಕೊಂಡು, ಸನ್ಮಾನಕ್ಕೆ ಹೆಸರು ಕರೆಯುವುದನ್ನೇ ಕಾಯುವವನ ಹಾಗೆ ಎದೆ ಮುಂದೆ ಮಾಡಿ ನಿಂತಿದ್ದ.

“ನನ್ನ ಕೈಲೆ ಆಗೂದಿಲ್ರಿ,” ಅವಳು ಸಾಲಿನ ಕೊನೆಯವರಿಗೂ ಕೇಳುವಂತೆ ಹೇಳಿದಳು. “ಕೈ ಏಳೂದಿಲ್ಲ, ಬೆರಳು ಮಡಚೂದಿಲ್ಲ. ನನ್ನ ತಲಿ ಹಿಕ್ಕವರು ಇವರು. ರೊಟ್ಟಿ ಬಡಿಯವರೂ ಇವರ.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸಾತಲಿಂಗಪ್ಪ ಅತ್ತ ತಿರುಗಿ ಕೈಮುಗಿದ.

ಮ್ಯಾಡಮ್ ಬರೆಯುತ್ತಾ ಓದಿದರು: “ಸ್ವತಃ ಕೆಲಸ ಆಗೂದಿಲ್ಲ, ಎಲ್ಲಾದಕ್ಕೂ ಗಂಡನ ಆಧಾರ. ಮಂಜೂರಿಗೆ ಕಳಸ್ತೀನ್ರಿ. ಮತ್ತೇನರ ಹೇಳೂದೈತೇನು?”

“ರೊಟ್ಟಿ ಭಾಳ ಛಲೋ ಬಡೀತಾರ. ಅದನ್ನೂ ಬರೀರಿ.”

“ಅದಕ್ಕ ಇದರಾಗ ಜಾಗಾ ಇಲ್ರಿ, ಬಾಯಾರ.”

ಪಾರ್ವತಿಬಾಯಿ ಮೇಜಿನ ಮೇಲೆ ಬಾಗಿ, ಕಾಗದದ ಖಾಲಿ ಅಂಚಿನ ಮೇಲೆ ಎಡಗೈ ಬೆರಳಿಟ್ಟಳು.

“ಇಲ್ಲಿ ಐತಲ್ರಿ, ಬಾಜೂಕ.”