ನಾಲ್ಕನೇ ಮಹಡಿಯ ಅಲಾರಂ

ಸಹಿ ಎಲ್ಲಿ ಹಾಕಬೇಕು ಎಂದಷ್ಟೇ ಅಭಿನವ ಕೇಳಿದ. ಏನು ಬರೆದಿದೆ ಎಂದು ಕೇಳಲಿಲ್ಲ.

ಉಮಾಶಂಕರ್ ಬೆರಳಿಟ್ಟು ತೋರಿಸಿದರು. ಬೆರಳು ನಡುಗಿತು. ಎಪ್ಪತ್ತೊಂದು ವರ್ಷದವರ ಬೆರಳು ನಡುಗಿದರೆ ಯಾರೂ ಅನುಮಾನಪಡುವುದಿಲ್ಲ. ವಯಸ್ಸಾದದ್ದಕ್ಕೆ ಇಷ್ಟಾದರೂ ಉಪಯೋಗವಾಯಿತು.

ಕಾಗದದಲ್ಲಿ ಎರಡೇ ವಾಕ್ಯ. ಶನಿವಾರ ಗೃಹಪ್ರವೇಶದ ಹೋಮಕ್ಕಾಗಿ ನಾಲ್ಕನೇ ಮಹಡಿಯ ಹೊಗೆ ಅಲಾರಂ ಆಫ್ ಮಾಡಲಾಗಿತ್ತು. ಭಾನುವಾರ ಬೆಳಿಗ್ಗೆ ಬೆಂಕಿ ಬಿದ್ದಾಗಲೂ ಅದು ಆಫ್ ಆಗಿಯೇ ಇದ್ದದ್ದಕ್ಕೆ ಉಪ ಫೈರ್ ವಾರ್ಡನ್ ಅಭಿನವನೇ ಕಾರಣ. ಮೊದಲನೆಯದು ನಿಜ. ಎರಡನೆಯದು ಅಪ್ಪಟ ಸುಳ್ಳು. ಬರೆದವರು ಉಮಾಶಂಕರ್ ಅವರೇ.

"ನಿಮ್ದೇನೂ ತಪ್ಪಿಲ್ರಿ, ಅಂಕಲ್," ಎಂದು ಅಭಿನವ ಪೆನ್ನು ಹಿಂದಿರುಗಿಸಿದ. ಮುಖ ಎತ್ತಲಿಲ್ಲ.

ಆ ದೊಡ್ಡತನ ಉಮಾಶಂಕರ್ ಅವರ ಎದೆಗೆ ಚುಚ್ಚಿತು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ವೆಸ್ಟ್‌ಮೀಡ್ ರೈಲು ಸ್ಟೇಷನ್ನಿಗೆ ಹತ್ತಿರದ ಆ ಕಟ್ಟಡಕ್ಕೆ ಒಂಬತ್ತು ವರ್ಷಗಳಿಂದ ಅವರೇ ಮುಖ್ಯ ಫೈರ್ ವಾರ್ಡನ್. ಮೆಟ್ಟಿಲ ಬಳಿ ಚಪ್ಪಲಿ ಸ್ಟ್ಯಾಂಡ್ ಇಟ್ಟವರ ಬಾಗಿಲು ತಟ್ಟುವುದು, ಆರು ತಿಂಗಳಿಗೊಮ್ಮೆ ಎಲ್ಲರನ್ನೂ ಕೆಳಗಿಳಿಸಿ ತಲೆ ಎಣಿಸುವುದು, ತಾವಾಗಿ ಇಳಿಯಲಾರದವರ ಪಟ್ಟಿ ಇಡುವುದು, ಎಲ್ಲ ಅವರದೇ ಕೆಲಸ. ಆ ಪಟ್ಟಿಯ ಮೊದಲ ಹೆಸರು ಬೆಳಗಾವಿಯ ಅಡಿವೆಪ್ಪನವರದು. ನಾಲ್ಕನೇ ಮಹಡಿ, ಮೊಣಕಾಲು ನೋವು, ಮಗಳು ಹೇಮಲತಾ ನರ್ಸ್.

ಪರದೇಶವಾದರೂ ಕಟ್ಟಡದಲ್ಲಿ ನಮ್ಮ ಕನ್ನಡದವರೇ ಹೆಚ್ಚು. ಹೋಮ ಇಟ್ಟುಕೊಂಡವರು ಪುರೋಹಿತರಿಗಿಂತ ಮೊದಲು ಉಮಾಶಂಕರ್ ಅವರನ್ನು ಹಿಡಿಯುತ್ತಿದ್ದರು. ಅವರು ಕೆಳಗಿನ ಅಲಾರಂ ಪ್ಯಾನೆಲ್ ತೆರೆದು ಆ ಮಹಡಿಯ ಅಲಾರಂ ಆಫ್ ಮಾಡಿ, ಪುಸ್ತಕದಲ್ಲಿ ಸಮಯ ಬರೆದು, ಹೊಗೆ ಆರುವವರೆಗೆ ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಹೋಮಕುಂಡದ ಬಳಿ ಕೂರುತ್ತಿದ್ದರು. ಮತ್ತೆ ಆನ್ ಮಾಡದೆ ಎಲೆಯ ಮುಂದೆ ಕೂತವರಲ್ಲ. ಅದನ್ನು ಎಲ್ಲರೂ ತಮಾಷೆ ಮಾಡುತ್ತಿದ್ದರು.

ಆಷಾಢ ಕಳೆಯಲೆಂದು ಕಾದು ಅಭಿನವ ಶ್ರಾವಣದ ಮೊದಲ ಶನಿವಾರ ಅದೇ ಕಟ್ಟಡದ ನಾಲ್ಕನೇ ಮಹಡಿಯ ಹೊಸ ಫ್ಲ್ಯಾಟಿಗೆ ಕಾಲಿಟ್ಟ. ಹುಬ್ಬಳ್ಳಿಯವನು, ಮೂವತ್ತೈದರ ಪ್ರಾಯ, ಉಮಾಶಂಕರ್ ಅವರೇ ಕೈಹಿಡಿದು ಕಲಿಸಿದ ಉಪ ವಾರ್ಡನ್. ಪ್ಯಾನೆಲ್ಲಿನ ಬೀಗದ ಕೈ ಇದ್ದದ್ದು ಇವರಿಬ್ಬರ ಬಳಿ ಮಾತ್ರ. ಸಂಜೆ ಅವನ ಆಫೀಸಿನ ಗೆಳೆಯರು ಬರುವವರಿದ್ದರು. ಉಮಾಶಂಕರ್ ಮಧ್ಯಾಹ್ನವೇ ಹೋಳಿಗೆ ಉಂಡು ಹೋಗಿ ಮಲಗಿದರು.

ಅಲ್ಲಿ ಶ್ರಾವಣವೆಂದರೆ ಚಳಿಗಾಲ. ಮರುದಿನ ಬೆಳಿಗ್ಗೆ ಆರಕ್ಕೆ ಅಡಿವೆಪ್ಪನವರ ಹೀಟರಿನ ಮೇಲೆ ಒಣಗಲು ಹಾಕಿದ್ದ ಟವೆಲ್ ಹೊತ್ತಿಕೊಂಡಿತು. ಹೇಮಲತಾ ಡ್ಯೂಟಿಯಲ್ಲಿದ್ದಳು. ಅಲಾರಂ ಕೂಗಲಿಲ್ಲ. ಪಕ್ಕದ ಮನೆಗೆ ವಾಸನೆ ಬಡಿಯುವ ಹೊತ್ತಿಗೆ ಅಡಿವೆಪ್ಪನವರು ಹೊಗೆ ಕುಡಿದು ಪ್ರಜ್ಞೆ ತಪ್ಪಿದ್ದರು.

ಉಮಾಶಂಕರ್ ಓಡಿಹೋಗಿ ಪ್ಯಾನೆಲ್ ನೋಡಿದರು. ಆಫ್. ಪುಸ್ತಕ ತೆರೆದರು. "ಶನಿವಾರ, 9.10, ಆಫ್" ಎಂದಿತ್ತು. ಅದರ ಕೆಳಗಿನ ಸಾಲು ಖಾಲಿ. ಊಟಕ್ಕೆ ಮೊದಲು ಒಮ್ಮೆ ಕೆಳಗೆ ಇಳಿದದ್ದು ನೆನಪಿತ್ತು, ಯಾಕೆ ಇಳಿದೆ ಎಂಬುದು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಅದು ಹಳೆಯ ಪ್ಯಾನೆಲ್, ಯಾರು ಯಾವಾಗ ಸ್ವಿಚ್ ಮುಟ್ಟಿದರೆಂದು ದಾಖಲೆ ಇಡುವುದಿಲ್ಲ. ತನ್ನ ಮರೆವೇ ಆ ಮನುಷ್ಯನನ್ನು ಐಸಿಯುಗೆ ಕಳಿಸಿತು ಎಂದು ಅವರಿಗೆ ಖಾತ್ರಿಯಾಯಿತು.

ತನಿಖೆಯವರು ಬರುವ ಮೊದಲೇ ಆ ಕಾಗದ ಸಿದ್ಧವಾಯಿತು. ಹೆದರಿಕೆ, ಮತ್ತೇನಿಲ್ಲ. ಊರಿನ ಆಡಳಿತ ನೋಡುವ ಕೌನ್ಸಿಲ್‌ನ ತುರ್ತು ನಿರ್ವಹಣಾ ವಿಭಾಗದಲ್ಲಿ ಅಭಿನವನಿಗೆ ಕೆಲಸ ಖಚಿತವಾಗಿತ್ತು, ಈ ಸಹಿಯಿಂದ ಅದು ಕೈತಪ್ಪುತ್ತದೆ ಎಂಬುದೂ ಅವರಿಗೆ ತಿಳಿದಿತ್ತು. ತಿಳಿದೇ ಬರೆದರು.

ಅಭಿನವ ದಿನವೂ ಆಸ್ಪತ್ರೆಗೆ ಹೋದ. ಐಸಿಯು ಹೊರಗಿನ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದ.

"ಒಂದು ಮಾತಾಡಂಗಿಲ್ರಿ ಅಂಕಲ್," ಎಂದಳು ಹೇಮಲತಾ. "ಹೊಟ್ಟೀಲೆ ಹುಟ್ಟಿದ ಮಗನೂ ಇಷ್ಟು ಮಾಡಂಗಿಲ್ಲ."

ಉಮಾಶಂಕರ್ ಮಾತು ಮುಗಿಸಿ ಹೊರಟುಬಿಟ್ಟರು. ತಾನು ಮಾಡಿದ ಪಾಪಕ್ಕೆ ಆ ಪುಣ್ಯಾತ್ಮ ಪ್ರಾಯಶ್ಚಿತ್ತ ಮಾಡುತ್ತಿದ್ದಾನೆ.

ಹನ್ನೊಂದನೇ ದಿನ ಅಡಿವೆಪ್ಪನವರು ತೀರಿಕೊಂಡರು. ಅದೇ ವಾರ ಅಭಿನವನಿಗೆ ಕೆಲಸವಿಲ್ಲ ಎಂದು ಕೌನ್ಸಿಲ್‌ನಿಂದ ಪತ್ರ ಬಂತು.

ಉಮಾಶಂಕರ್ ಇನ್ನು ತಡೆಯಲಿಲ್ಲ. ಅಲಾರಂ ಮರೆತವನು ನಾನು, ನಿರಪರಾಧಿಯಿಂದ ಸುಳ್ಳಿಗೆ ಸಹಿ ಹಾಕಿಸಿದವನೂ ನಾನೇ ಎಂದು ತನಿಖೆಯವರಿಗೆ ಬರೆದುಕೊಟ್ಟರು. ವಾರ್ಡನ್ ಬ್ಯಾಡ್ಜನ್ನು ಕಟ್ಟಡದ ಕಮಿಟಿಗೆ ಒಪ್ಪಿಸಿದರು. ಹೇಮಲತಾಳ ಮನೆಗೂ ಹೋಗಿ ಹೇಳಿದರು. ಅವಳು ಬಾಗಿಲು ಹಾಕಿಕೊಂಡಳು.

ಕೊನೆಗೆ ಅಭಿನವನ ಮನೆ.

"ನಿನಗೆ ಅನ್ಯಾಯ ಮಾಡ್ಬಿಟ್ಟೆ ಕಣಪ್ಪ," ಎಂದರು. "ಎಲ್ಲಾ ನನ್ನದೇ ತಪ್ಪು ಅಂತ ಬರೆದುಕೊಟ್ಟಿದ್ದೀನಿ. ಇನ್ನು ನಿನ್ನ ತಂಟೆಗೆ ಯಾರೂ ಬರೋಲ್ಲ."

ಅಭಿನವ ಅವರ ಎದುರು ನೆಲದ ಮೇಲೆ ಕೂತ.

"ನೀವು ಊಟಕ್ಕ ಕೂಡೂಕಿಂತ ಮೊದ್ಲ ಕೆಳಗ ಹೋಗಿ ಆನ್ ಮಾಡಿದ್ರಿ ಅಂಕಲ್, ನಾ ಬಾಜೂಕ ಇದ್ದೆ, ಪುಸ್ತಕದಾಗ ಬರಿಯೂದಷ್ಟ ಮರ್ತಿದ್ರಿ, ಸಂಜಿಮುಂದ ಮಿರ್ಚಿ ಭಜಿ ಕರಿಯೂವಾಗ ಮತ್ತ ಆಫ್ ಮಾಡಿದಾಂವ ನಾನ."